ಬಿಸಿಲೆಯಿಂದ ಲಕ್ಕವಳ್ಳಿವರೆಗೆ ಗೆಳೆಯರ ಹಕ್ಕಿ ಸುತ್ತಾಟ: ಕಂಡದ್ದು, ಮತ್ತು ಮೊಬೈಲಿನಲ್ಲಿ ಹಕ್ಕಿಯ ಕರೆ ಹಾಕುವ ಬಗ್ಗೆ ಒಂದು ಮಾತು

ಹೇಮಾವತಿ ತೀರ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಹಕ್ಕಿ ನೋಡಲು ಬರಬೇಕು, ಎಲ್ಲಿಗೆ ಹೋಗೋದು ಅಂತ ನಮ್ಮ ಈ ಚರ್ಚೆಯ ಗುಂಪಿನಲ್ಲಿ ಆಗಾಗ ಕೇಳುತ್ತಿರುತ್ತಾರೆ. ಫೆಬ್ರುವರಿ ಕೊನೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಬಿಸಿಲೆಯಲ್ಲಿ ಶುರು ಮಾಡಿ ಲಕ್ಕವಳ್ಳಿವರೆಗೆ ಸುತ್ತಿ ಬಂದೆವು. ಕಂಡದ್ದನ್ನು ಬರೆಯುತ್ತೇನೆ. ನಿಮ್ಮ ಅನುಭವವನ್ನೂ ಸೇರಿಸಿ.

ಈ ಎರಡು ಜಿಲ್ಲೆಗಳ ದೊಡ್ಡ ಅನುಕೂಲ ಅಂದರೆ, ಸ್ವಲ್ಪ ದೂರ ಹೋದರೆ ಸಾಕು, ಕಾಡೇ ಬೇರೆಯಾಗುತ್ತದೆ. ಘಟ್ಟದ ಅಂಚಿನಲ್ಲಿ ಮಳೆ ಜಾಸ್ತಿ, ಹಾಗಾಗಿ ಬಿಸಿಲೆಯಲ್ಲಿ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಹಸಿರು ಕಾಡು. ಆಚೆ ಇಳಿದರೆ ಭದ್ರಾ ಅಭಯಾರಣ್ಯದ ಮುತ್ತೋಡಿ. ಅಲ್ಲಿ ತೇಗ, ಮತ್ತಿ, ನಂದಿ, ಬೇಸಿಗೆಗೆ ಎಲೆ ಉದುರಿಸುವ ಮರಗಳು. ಕೊನೆಗೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಒಂದೊಂದು ಕಡೆ ಒಂದೊಂದು ಹಕ್ಕಿ ಬಳಗ.

ಬಿಸಿಲೆಯಲ್ಲಿ ನಾವು ಘಾಟಿ ರಸ್ತೆಯ ಬದಿಯಲ್ಲೇ ನಡೆದೆವು. ಅನುಮತಿ ಇಲ್ಲದೆ ಕಾಡಿನ ಒಳಗೆ ಹೋಗುವಂತಿಲ್ಲ, ಹೋಗಬೇಕಾಗಿಯೂ ಇಲ್ಲ. ಬೆಳಗ್ಗೆ ತುಂಬಾ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಂದು ಭೀಮರಾಜ, ಅಂದರೆ ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಾಜಾಣ, ಕೂಗಿತು. ಅದರ ಬೆನ್ನಿಗೇ ಕೆಂಪು ಚಿತ್ರಪಕ್ಷಿ, ಮರಕುಟಿಗ, ಪುಟ್ಟ ಪುಟ್ಟ ಹಕ್ಕಿಗಳೆಲ್ಲ ಒಟ್ಟಾಗಿ ಬಂದವು. ಬೇರೆ ಬೇರೆ ಜಾತಿಯ ಹಕ್ಕಿಗಳು ಹೀಗೆ ಜೊತೆಯಾಗಿ ಹುಳ ಹಿಡಿಯುತ್ತಾ ಸಾಗುತ್ತವೆ. ಒಬ್ಬರು ಎಬ್ಬಿಸಿದ ಹುಳ ಇನ್ನೊಬ್ಬರ ಬಾಯಿಗೆ. ಗಿಡುಗ ಬಂದರೆ ಭೀಮರಾಜ ಮೊದಲು ಕೂಗಿ ಎಚ್ಚರಿಸುತ್ತದೆ. ಆ ಗುಂಪು ನಮ್ಮ ತಲೆಯ ಮೇಲೆ ಹಾದು ಹೋಗುವವರೆಗೆ ಕ್ಯಾಮೆರಾ ಯಾವ ಕಡೆ ತಿರುಗಿಸಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ಕಾಕರಣೆ ಹಕ್ಕಿ ಅಂದರೆ ಮಲಬಾರ್ ಟ್ರೋಗನ್ ಸಿಕ್ಕಿದ್ದೂ ಅಲ್ಲೇ. ಗಂಡಿನ ಹೊಟ್ಟೆ ಕಡುಗೆಂಪು. ಆದರೆ ಅದು ನಮ್ಮನ್ನು ಕಂಡ ಕೂಡಲೇ ಬೆನ್ನು ತಿರುಗಿಸಿ ಅಲುಗಾಡದೆ ಕೂರುತ್ತದೆ, ಕಂದು ಬೆನ್ನು ಕೊಂಬೆಗಳ ನಡುವೆ ಕರಗಿಬಿಡುತ್ತದೆ. ನಾವೂ ಕೂತೆವು. ಅರ್ಧ ಗಂಟೆ ಆದ ಮೇಲೆ ಅದು ತಾನಾಗಿಯೇ ತಿರುಗಿತು.

ಇಡೀ ಸುತ್ತಾಟದಲ್ಲಿ ಅತಿ ಹೆಚ್ಚು ಫೋಟೊ ಸಿಕ್ಕಿದ್ದು ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ, ಹಣ್ಣು ಬಿಟ್ಟಿದ್ದ ಒಂದು ಬಸರಿ ಮರದ ಕೆಳಗೆ. ತೋಟದವರ ಅನುಮತಿ ಕೇಳಿ, ಮರದಿಂದ ಸ್ವಲ್ಪ ದೂರದಲ್ಲಿ ಗೋಣಿಚೀಲ ಹಾಸಿಕೊಂಡು ಬೆಳಗ್ಗೆ ಪೂರ್ತಿ ಕೂತೆವು. ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್), ಹಸಿರು ಪಾರಿವಾಳ, ಕುಟ್ರು, ಕಾಮಳ್ಳಿ, ಪಿಕಳಾರ. ನಡುವೆ ಒಂದು ಕೆಂಜಳಿಲು ಬಂದು ಎಲ್ಲರನ್ನೂ ಒಂದು ಕೊಂಬೆ ಆಚೆ ದಬ್ಬಿತು. ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ತೋಟದ ಮನೆ ಅಂಗಳದಲ್ಲಿ ಕೂತರೆ ಅದರ ನಗುವಂಥ ಕೂಗು ಕೇಳುತ್ತದೆ. ನಮ್ಮೂರಿನವರು ಇದನ್ನು ದೊಡ್ಡ ಭಾಗ್ಯ ಅಂತ ತಿಳಿಯಬೇಕು.

ಇನ್ನು ಚರ್ಚೆಯ ವಿಷಯ. ಹೊರಡುವ ಮೊದಲೇ ನಾವು ನಾಲ್ಕೂ ಜನ ಎರಡು ಮಾತು ಮಾಡಿಕೊಂಡಿದ್ದೆವು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಸುವುದಿಲ್ಲ. ಗೂಡಿನ ಹತ್ತಿರ ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕಿದ ಬೇರೆ ಗುಂಪಿನವರು ಎರಡನ್ನೂ ಮಾಡುತ್ತಿದ್ದರು. ಅದು ನನಗೆ ಸರಿ ಕಾಣಲಿಲ್ಲ. ನೀವೇನು ಹೇಳುತ್ತೀರಿ?

ಬೆಳಗಿನ ಬೆಳಕು, ಬೆಂಗಳೂರು

ಒಳ್ಳೆ ಬರಹ ಅಣ್ಣ. ಮಂಗಟ್ಟೆ ಫೋಟೊ ನೋಡಿ ಖುಷಿ ಆಯ್ತು. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಮ್ಮಂಥವರಿಗೆ ಸಿಗುವುದೇ ಶನಿವಾರ, ಭಾನುವಾರ. ಒಂದು ನಿಮಿಷ ಕರೆ ಹಾಕಿದರೆ ಹಕ್ಕಿ ಬಂದು ಹೋಗುತ್ತದೆ. ಅದನ್ನು ಮುಟ್ಟುವುದಿಲ್ಲ, ಓಡಿಸುವುದಿಲ್ಲ. ಅದಕ್ಕೆ ಅಷ್ಟು ತೊಂದರೆ ಆಗುತ್ತದಾ ನಿಜವಾಗ್ಲೂ?

ಹೇಮಾವತಿ ತೀರ

ತಪ್ಪು ತಿಳಿಯುವುದು ಏನಿಲ್ಲ ತಮ್ಮ, ಕೇಳಬೇಕಾದ ಪ್ರಶ್ನೆಯೇ.

ಹಕ್ಕಿ ಕೂಗುವುದು ಬಹಳ ಸಲ ಇದು ನನ್ನ ಜಾಗ ಅಂತ ಹೇಳಲು. ನೀವು ಮೊಬೈಲಿನಲ್ಲಿ ಅದೇ ಕೂಗು ಹಾಕಿದರೆ ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ತಿಳಿಯುತ್ತದೆ. ಮೇವು ಬಿಟ್ಟು, ಕಾವು ಬಿಟ್ಟು ಜಗಳಕ್ಕೆ ಬರುತ್ತದೆ. ಬಯಲಿಗೆ ಬಂದಾಗ ಗಿಡುಗದ ಕಣ್ಣಿಗೂ ಬೀಳಬಹುದು. ಇಲ್ಲದ ಶತ್ರುವನ್ನು ಹುಡುಕುತ್ತಾ ಸುಸ್ತಾಗುತ್ತದೆ. ನೀವು ಹಾಕಿದ್ದು ಒಂದೇ ನಿಮಿಷ ಇರಬಹುದು. ಆದರೆ ಹೆಸರಾದ ಜಾಗದಲ್ಲಿ ನಿಮ್ಮ ಹಿಂದೆ ಇನ್ನೊಂದು ಜೀಪು, ಅದರ ಹಿಂದೆ ಮತ್ತೊಂದು. ಅದೇ ಹಕ್ಕಿಗೆ, ಅದೇ ತಿಂಗಳಲ್ಲಿ, ಅದೂ ಗೂಡು ಕಟ್ಟುವ ಹೊತ್ತಿನಲ್ಲಿ. ಹಕ್ಕಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಅಲ್ವಾ?

ಇನ್ನೊಂದು ಮಾತು. ಕರೆ ಕೇಳಿ ಬಂದ ಹಕ್ಕಿಯ ಫೋಟೊ ನೋಡಿ. ಗರಿ ಕೆದರಿಕೊಂಡು, ಕತ್ತು ಚಾಚಿಕೊಂಡು ಗಾಬರಿಯಲ್ಲಿ ಇರುತ್ತದೆ. ಸುಮ್ನೆ ಕೂತವರ ಎದುರು ಅದೇ ಹಕ್ಕಿ ಗರಿ ತಿದ್ದಿಕೊಳ್ಳುತ್ತದೆ, ಮೈ ಮುರಿಯುತ್ತದೆ, ಹುಳ ಹಿಡಿದು ಕೊಂಬೆಗೆ ಬಡಿಯುತ್ತದೆ. ನಾನು ಬೇಕು ಅನ್ನುವುದು ಆ ಫೋಟೊ.

ಪಶ್ಚಿಮದ ದಾರಿ, ಸಕಲೇಶಪುರ

ಹೇಮಾವತಿ ತೀರ ಸರ್, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ನಾನು ಇಲ್ಲಿ ಹಕ್ಕಿ ತೋರಿಸುವ ಕೆಲಸ ಮಾಡುತ್ತೇನೆ. ದೂರದಿಂದ ದುಡ್ಡು ಖರ್ಚು ಮಾಡಿ ಬಂದವರಿಗೆ ಕಾಕರಣೆ ತೋರಿಸದೆ ಕಳಿಸಿದರೆ ಮುಂದಿನ ಸಲ ಅವರು ಬೇರೆಯವರ ಹತ್ತಿರ ಹೋಗುತ್ತಾರೆ. ನಮ್ಮ ಹೊಟ್ಟೆಪಾಡೂ ಇದೆ. ಗೂಡಿನ ಕಾಲದಲ್ಲಿ ನಾನೂ ಹಾಕುವುದಿಲ್ಲ. ಬೇರೆ ತಿಂಗಳಲ್ಲಿ ಒಂದೆರಡು ಸಲ ಹಾಕಿ ನಿಲ್ಲಿಸಿದರೆ ಆಗಬಹುದು ಅನ್ನಿಸುತ್ತದೆ. ಹಕ್ಕಿ ನೋಡಲು ಜನ ಬಂದರೆ ಊರಿನ ಹುಡುಗರು ಕಾಡು ಉಳಿಸಲು ನಿಲ್ಲುತ್ತಾರೆ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಳೇ ಮೇಷ್ಟ್ರು, ತರೀಕೆರೆ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಊರಿನ ಹುಡುಗರಿಗೆ ಕೆಲಸ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಹತ್ತಿರ ಇರುವ ಬಂಡವಾಳ ಮೊಬೈಲಿನ ಕೂಗಲ್ಲ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾವ ಹಳ್ಳದಲ್ಲಿ ಮಧ್ಯಾಹ್ನ ನೀರು ಕುಡಿಯಲು ಹಕ್ಕಿ ಇಳಿಯುತ್ತದೆ, ಅದು ನಿಮಗೆ ಗೊತ್ತು. ಬೆಂಗಳೂರಿನಿಂದ ಬಂದವರಿಗೆ ಗೊತ್ತಿಲ್ಲ. ಅದಕ್ಕೆ ಅವರು ದುಡ್ಡು ಕೊಡಬೇಕು. ಕರೆ ಹಾಕುವ ಕೆಲಸವನ್ನು ಯಾರು ಬೇಕಾದರೂ ಮಾಡುತ್ತಾರೆ, ನಾಳೆ ನಿಮ್ಮನ್ನು ಬಿಟ್ಟು ಅವರೇ ಮಾಡಿಕೊಳ್ಳುತ್ತಾರೆ.

ಗೂಡಿನ ವಿಷಯದಲ್ಲಿ ಮಾತ್ರ ನನಗೆ ಯಾವ ರಾಜಿಯೂ ಇಲ್ಲ. ಮಂಗಟ್ಟೆಯನ್ನೇ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಒಳಗಿನ ತಾಯಿ, ಮರಿ ಎಲ್ಲರಿಗೂ ಆ ಸೀಳಿನ ಮೂಲಕ ಹಣ್ಣು ತಂದುಕೊಡುವುದು ಗಂಡು ಒಂದೇ. ಅದು ತುಂಬಾ ನಾಚಿಕೆಯ ಹಕ್ಕಿ. ಕೆಳಗೆ ಹತ್ತು ಜನ ಲೆನ್ಸ್ ಹಿಡಿದು ನಿಂತರೆ ಬಾಯಲ್ಲಿ ಹಣ್ಣು ಇಟ್ಟುಕೊಂಡು ದೂರದ ಮರದಲ್ಲೇ ಕೂತಿರುತ್ತದೆ. ಅಷ್ಟು ಹೊತ್ತು ಒಳಗಿನವರು ಉಪವಾಸ. ಹೇಮಾವತಿ ತೀರದವರು ಹೋದ ಫೆಬ್ರುವರಿ, ಆಮೇಲಿನ ಮಾರ್ಚ್ ಅದರ ಗೂಡಿನ ಕಾಲವೇ.

ಕಪ್ಪೆಬಾಯಿ, ಅಂದರೆ ಫ್ರಾಗ್‌ಮೌತ್ ಹಕ್ಕಿಯ ಕಥೆಯೂ ಅಷ್ಟೆ. ಒಣ ಎಲೆಯ ಬಣ್ಣದ ಹಕ್ಕಿ, ಹಗಲೆಲ್ಲ ಜೋಡಿಯಾಗಿ ಒಂದೇ ಕೊಂಬೆಯಲ್ಲಿ ಕೂತಿರುತ್ತದೆ. ಇಡುವುದು ಒಂದೇ ಮೊಟ್ಟೆ. ಹಗಲು ಕಾವು ಕೂರುವುದು ಗಂಡು. ಅದು ಹಾರದೆ ಕೂತಿದೆ ಅಂದರೆ ಹೆದರಿಲ್ಲ ಅಂತ ಅಲ್ಲ. ಅಲುಗಾಡದೆ ಇರುವುದೇ ಅದರ ರಕ್ಷಣೆ. ಹಾಗಾಗಿ ಈ ಹಕ್ಕಿಯ ಜಾಗವನ್ನು ಯಾರೂ ಇಲ್ಲಿ ಗುರುತು ಸಮೇತ ಬರೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ತಾಲ್ಲೂಕಿನ ಹೆಸರು ಸಾಕು.

ತೋಟದ ಕೆಲಸ, ಮೂಡಿಗೆರೆ

ಬಸರಿ ಮರದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾವು ಕಾಫಿ ಬೆಳೆಗಾರರು. ಹಳೆ ತೋಟಗಳಲ್ಲಿ ನೆರಳಿಗೆ ಅತ್ತಿ, ಬಸರಿ, ಗೋಳಿ, ಹಲಸು, ಮತ್ತಿ, ನಂದಿ, ಹಾಲುವಾಣ ಎಲ್ಲ ಇರುತ್ತಿದ್ದವು. ಈಗ ಬಹಳ ಕಡೆ ಸಿಲ್ವರ್ ಓಕ್ ಒಂದೇ. ಅದು ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು, ಕಷ್ಟಕಾಲದಲ್ಲಿ ಕಡಿದು ಮಾರಲೂ ಸುಲಭ. ಯಾರನ್ನೂ ಬೈಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಮನೆ ನಡೆಸಿದ್ದು ಸಿಲ್ವರ್ ಓಕ್ ಅಂತ ಹೇಳುವವರು ನಮ್ಮಲ್ಲೇ ಎಷ್ಟೋ ಜನ ಇದ್ದಾರೆ.

ಆದರೆ ಸಿಲ್ವರ್ ಓಕಿನಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಗೂಡಿಗೆ ಪೊಟರೆಯೂ ಇಲ್ಲ. ಅತ್ತಿ ಜಾತಿಯ ಮರಗಳ ಗುಣ ಏನೆಂದರೆ ಅವೆಲ್ಲ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದು ಮುಗಿದಾಗ ಇನ್ನೊಂದು. ಬೇರೆ ಹಣ್ಣು ಇಲ್ಲದ ತಿಂಗಳಲ್ಲಿ ಹಕ್ಕಿಗಳಿಗೆ ಅದೇ ಆಧಾರ. ಮಂಗಟ್ಟೆ ಹಣ್ಣು ನುಂಗಿ ಬೀಜವನ್ನು ದೂರ ಉಗುಳುತ್ತದೆ, ಅಲ್ಲಿ ಹೊಸ ಸಸಿ ಹುಟ್ಟುತ್ತದೆ. ನಮ್ಮ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಹಣ್ಣಿನ ಮರಗಳ ಕೊಂಬೆ ಮುಟ್ಟಬೇಡಿ ಅಂತ ಹೇಳಿರುತ್ತೇವೆ. ಪೊಟರೆ ಇರುವ ಮುದಿ ಮರವನ್ನೂ ಕಡಿಯುವುದಿಲ್ಲ.

ಹಾಲುವಾಣ, ಬೂರುಗ ಹೂ ಬಿಡುವಾಗ ಬನ್ನಿ. ಜನವರಿಯಿಂದ ಮಾರ್ಚ್ ಒಳಗೆ. ಎಲೆ ಇಲ್ಲದ ಕೊಂಬೆ, ಕೆಂಪು ಹೂ, ಅದರಲ್ಲಿ ಎಲೆಹಕ್ಕಿ, ಸೂರಕ್ಕಿ, ಕಾಜಾಣ, ಗೊರವಂಕ. ಫೋಟೊ ತೆಗೆಯುವವರಿಗೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಎಲೆಯೇ ಅಡ್ಡ ಬರುವುದಿಲ್ಲ.

ಒಂದು ವಿನಂತಿ. ತೋಟದ ಗೇಟು ತೆರೆದಿದ್ದರೂ ಕೇಳಿ ಒಳಗೆ ಬನ್ನಿ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಗಳ ಓಡಾಟ ಇದೆ. ಯಾವ ತೋಟದಲ್ಲಿ ಆನೆ ನಿಂತಿದೆ ಅಂತ ಅಲ್ಲಿನ ಕೆಲಸದವರಿಗೆ ಗೊತ್ತಿರುತ್ತದೆ. ಬೆಳಕು ಹರಿಯುವ ಮೊದಲು ಕಾಫಿ ಗಿಡಗಳ ನಡುವೆ ಹಕ್ಕಿ ಹುಡುಕಿಕೊಂಡು ಹೋಗುವುದು ಬೇಡವೇ ಬೇಡ.

ಬೆಳಗಿನ ಬೆಳಕು

ಮೇಷ್ಟ್ರೇ, ತೋಟದ ಕೆಲಸ ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ಮುಂದಿನ ಸಲ ಒಂದೇ ಮರದ ಕೆಳಗೆ ಕೂತು ನೋಡುತ್ತೇನೆ. ಅಣ್ಣ, ಬಿಸಿಲೆಯಂಥ ಕತ್ತಲೆ ಕಾಡಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ ಏನಿಟ್ಟಿದ್ದಿರಿ? ನನ್ನ ಹತ್ತಿರ ಇರುವುದು 150-600 ಮಿ.ಮೀ. ಲೆನ್ಸ್.

ಹೇಮಾವತಿ ತೀರ

ಆ ಲೆನ್ಸೇ ಸಾಕು. ನಮ್ಮಲ್ಲಿ ಇಬ್ಬರ ಹತ್ತಿರ ಅದೇ ಇತ್ತು.

ದಟ್ಟ ಕಾಡಿನಲ್ಲಿ ಬೆಳಕು ಕಮ್ಮಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400 ಆದರೂ ಹೆದರಬೇಡಿ. ಸ್ವಲ್ಪ ಕಾಳು ಕಾಳಾದ ಫೋಟೊವನ್ನು ಆಮೇಲೆ ಸರಿ ಮಾಡಬಹುದು, ಅಲುಗಾಡಿದ ಫೋಟೊವನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಕಾಕರಣೆಯಂತೆ ಅಲುಗಾಡದೆ ಕೂರುವ ಹಕ್ಕಿಗೆ ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಹಾಕಿ 1/125 ಸೆಕೆಂಡಿನ ಶಟರ್ ವೇಗದಲ್ಲೂ ತೆಗೆಯಬಹುದು. ಹಾರುವ ಹಕ್ಕಿಗೆ 1/2000 ಇರಲಿ. ಎಲ್ಲವನ್ನೂ ರಾ ಫೈಲಲ್ಲೇ, ಅಂದರೆ ಆಮೇಲೆ ತಿದ್ದಲು ಅನುಕೂಲವಾದ ಮೂಲ ಫೈಲಲ್ಲೇ, ತೆಗೆಯಿರಿ.

ಮಂಗಟ್ಟೆ ಮರದ ತುದಿಯಲ್ಲಿ ಕೂತಾಗ ಹಿಂದೆ ಬಿಳಿ ಆಕಾಶ. ಕ್ಯಾಮೆರಾ ಆ ಬಿಳಿಯನ್ನು ನೋಡಿ ಹಕ್ಕಿಯನ್ನು ಕಪ್ಪು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ +1, ಬೇಕಾದರೆ ಇನ್ನೂ ಸ್ವಲ್ಪ ಏರಿಸಿ. ಕೆರೆಯಲ್ಲಿ ಬೆಳ್ಳಕ್ಕಿಗೆ ಇದರ ಉಲ್ಟಾ, ಇಳಿಸಬೇಕು. ಇಲ್ಲದಿದ್ದರೆ ಗರಿಯ ಗೆರೆಗಳೇ ಉಳಿಯುವುದಿಲ್ಲ. ಫ್ಲ್ಯಾಶ್ ಬೇಡ.

ಮುಳ್ಳಯ್ಯನಗಿರಿಯಲ್ಲಿ ಬೆಳಗ್ಗೆ ಮಂಜು, ಚಳಿ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ರೂಮಿಗೆ ತಂದ ಕೂಡಲೇ ಬ್ಯಾಗಿನಿಂದ ತೆಗೆದರೆ ಗಾಜಿನ ಮೇಲೆ ನೀರು ಕೂರುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ. ಜೀಪಿನಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ, ಒಂದು ಬಟ್ಟೆ ಚೀಲಕ್ಕೆ ಅಕ್ಕಿಯೋ ಹುರುಳಿಯೋ ತುಂಬಿ ಕಂಬಿಯ ಮೇಲಿಟ್ಟುಕೊಳ್ಳಿ.

ಗಿರಿಯ ಬಗ್ಗೆ ಜಾಸ್ತಿ ಬರೆಯಲಿಲ್ಲ, ಯಾಕೆಂದರೆ ವಾರದ ಕೊನೆಯಲ್ಲಿ ಅಲ್ಲಿ ವಾಹನಗಳದ್ದೇ ಸದ್ದು. ವಾರದ ನಡುವೆ ಬೆಳಗ್ಗೆ ಬೇಗ ಹೋದರೆ ಹುಲ್ಲಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಚಾಣ ಸಿಗುತ್ತದೆ. ಶೋಲಾ ಅಂಚಿನಲ್ಲಿ ನೊಣಹಿಡುಕಗಳು. ಹಳ್ಳದ ಬದಿಯಲ್ಲಿ ಸಿಳ್ಳೆ ಹಾಕುವ ನೀಲಿ ಹಕ್ಕಿ, ಮಲಬಾರ್ ವಿಸ್ಲಿಂಗ್ ಥ್ರಶ್. ಅದರ ಪೂರ್ತಿ ಹಾಡು ಕೇಳಬೇಕಾದರೆ ಮಳೆಗಾಲದಲ್ಲಿ ಬನ್ನಿ.

ಅಡಿಕೆ ಹೊಂಬಾಳೆ, ಕೊಪ್ಪ

ನಮಸ್ತೆ. ನಾನು ಮಗಳ ಜೊತೆ ಹೋಗಬೇಕು ಅಂತಿದ್ದೇನೆ. ಅವಳಿಗೆ ಹನ್ನೊಂದು ವರ್ಷ, ಹಕ್ಕಿ ಅಂದರೆ ಪ್ರಾಣ. ಮುತ್ತೋಡಿ ಕರೆದುಕೊಂಡು ಹೋಗಬಹುದಾ? ಮನೆಯವರು ಉಣ್ಣೆ, ಮಂಗನ ಕಾಯಿಲೆ ಅಂತ ಹೆದರುತ್ತಿದ್ದಾರೆ. ಕೂಗು ಕೇಳಿ ಹಕ್ಕಿ ಹೆಸರು ಹೇಳುವ ಮರ್ಲಿನ್ ಆಪ್ ಅವಳ ಮೊಬೈಲಿನಲ್ಲಿದೆ. ಅದನ್ನು ನಂಬಬಹುದಾ?

ಹಳೇ ಮೇಷ್ಟ್ರು

ಖಂಡಿತ ಕರೆದುಕೊಂಡು ಹೋಗಿ ತಾಯಿ. ಆ ವಯಸ್ಸಿನಲ್ಲಿ ಹಿಡಿದ ಆಸೆ ಬಿಡುವುದಿಲ್ಲ.

ಮನೆಯವರ ಹೆದರಿಕೆಯಲ್ಲಿ ಅರ್ಥ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಸೋಂಕಿರುವ ಉಣ್ಣೆ ಕಚ್ಚಿದರೆ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ಹಕ್ಕಿ ನೋಡುವ ಕಾಲವೇ. ನಿಮ್ಮ ಕೊಪ್ಪದ ಕಡೆಯೂ ಕಾಣಿಸಿಕೊಂಡಿದೆ, ನಿಮಗೆ ಗೊತ್ತಿರುತ್ತದೆ. ಕಾಲು ಮುಚ್ಚುವ ಪ್ಯಾಂಟು, ಅದರ ಮೇಲೆ ಕಾಲುಚೀಲ ಎಳೆದುಕೊಳ್ಳಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ. ಮಂಗ ಸತ್ತುಬಿದ್ದ ಜಾಗದ ಹತ್ತಿರ ಹೋಗಬೇಡಿ, ಪಂಚಾಯಿತಿಗೋ ಆಸ್ಪತ್ರೆಗೋ ತಿಳಿಸಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಒಗೆಯಿರಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ. ಇಂಬಳದ ಕಾಟ ಮಳೆಗಾಲದ್ದು, ಈ ತಿಂಗಳಲ್ಲಿ ಇರುವುದಿಲ್ಲ.

ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ಜೀಪಿನಲ್ಲೇ ಹೋಗುವುದು, ನೆಲಕ್ಕೆ ಇಳಿಯುವ ಹಾಗಿಲ್ಲ, ಹಾಗಾಗಿ ಮಗುವಿಗೆ ಸುರಕ್ಷಿತ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಒಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರಿಗೆ ಬಂದವು. ಅವರು ಉಳುತ್ತಿದ್ದ ಗದ್ದೆಗಳು ಈಗ ಹುಲ್ಲುಗಾವಲು. ಬೆಳಗ್ಗೆ ಅಲ್ಲಿ ಕಾಟಿ (ಕಾಡುಕೋಣ), ಜಿಂಕೆ, ನವಿಲು, ಕಾಡುಕೋಳಿ ಮೇಯುವುದನ್ನು ನೋಡುವಾಗ ಮಗಳಿಗೆ ಆ ಕುಟುಂಬಗಳ ವಿಷಯವನ್ನೂ ಹೇಳಿ. ನೆಲ ಬಿಟ್ಟುಕೊಟ್ಟವರು ಅವರು.

ಹೇಮಾವತಿ ತೀರ

ಮರ್ಲಿನ್ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಕಲಿಯಲು ಚೆನ್ನಾಗಿದೆ. ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮನೆಯಲ್ಲೇ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡು ಹೋಗಿ. ಆದರೆ ಅದು ಹೆಸರು ಹೇಳಿದ ಮೇಲೆ ಕಣ್ಣಾರೆ ನೋಡಿ ಗಟ್ಟಿ ಮಾಡಿಕೊಳ್ಳಲಿ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ತದ್ರೂಪ ಮಾಡುತ್ತದೆ, ಗಿಡುಗದ್ದೂ ಸೇರಿ. ಬಿಸಿಲೆಯಲ್ಲಿ ಆಪ್ ಮೂರು ಹೆಸರು ತೋರಿಸಿದಾಗ ಕೊಂಬೆಯಲ್ಲಿ ಇದ್ದದ್ದು ಒಂದೇ ಭೀಮರಾಜ. ಮಗಳಿಗೆ ಒಂದು ನೋಟ್‌ಬುಕ್ ಕೊಡಿಸಿ. ಕಂಡ ಜಾಗ, ಹೊತ್ತು, ಮರ, ಹಕ್ಕಿ ಏನು ಮಾಡುತ್ತಿತ್ತು, ಇಷ್ಟು ಬರೆಯಲಿ. ಆಮೇಲೆ ಹಕ್ಕಿ ನೋಡುವವರು ದಾಖಲೆ ಹಾಕುವ ಇಬರ್ಡ್ ತಾಣಕ್ಕೆ ಹಾಕಬಹುದು.

ಪಶ್ಚಿಮದ ದಾರಿ

ಮೇಷ್ಟ್ರೇ, ನಿಮ್ಮ ಮಾತು ನಿನ್ನೆಯಿಂದ ತಲೆಯಲ್ಲಿದೆ. ಹಣ್ಣಿನ ಮರಗಳ ಹೆಸರು, ಹಣ್ಣಾಗುವ ತಿಂಗಳು ಬರೆದಿಡಲು ಶುರು ಮಾಡಿದ್ದೇನೆ. ತೋಟದ ಕೆಲಸ ಸರ್, ನಿಮ್ಮ ತೋಟದ ಅತ್ತಿ ಹಣ್ಣಾಗುವಾಗ ಒಂದು ಮೆಸೇಜ್ ಹಾಕುತ್ತೀರಾ? ಬಂದವರನ್ನು ಅಲ್ಲಿಗೇ ಕರೆತಂದು ಕೂರಿಸುತ್ತೇನೆ, ತೋಟಕ್ಕೂ ಒಂದಿಷ್ಟು ಹಣ ಬರುವ ಹಾಗೆ ಮಾಡೋಣ. ಆದರೂ ಕರೆಯನ್ನು ಪೂರ್ತಿ ಬಿಡುತ್ತೇನೆ ಅಂತ ಈಗಲೇ ಮಾತು ಕೊಡಲಾರೆ.

ತೋಟದ ಕೆಲಸ

ಬನ್ನಿ, ಹಾಕುತ್ತೇನೆ. ದುಡ್ಡಿನ ಮಾತು ಆಮೇಲೆ. ತೋಟದ ಒಳಗೆ ಮಾತ್ರ ಮೊಬೈಲ್ ಕೂಗು ಬೇಡ, ಅಷ್ಟೇ ಷರತ್ತು.

ಅಡಿಕೆ ಹೊಂಬಾಳೆ

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಲಕ್ಕವಳ್ಳಿಯಲ್ಲಿ ರೀವ ಹಕ್ಕಿಗಳ ಗೂಡು ಯಾವಾಗ ನೋಡಬಹುದು? ಮಗಳು ಅದನ್ನೇ ಕೇಳುತ್ತಿದ್ದಾಳೆ.

ಹೇಮಾವತಿ ತೀರ

ನಾವು ಹೋದಾಗ ರೀವಗಳು, ಅಂದರೆ ರಿವರ್ ಟರ್ನ್‌ಗಳು, ಆಗಷ್ಟೇ ಸೇರುತ್ತಿದ್ದವು. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ನೀರಿಗೆ ಧುಮುಕಿ ಮೀನು ಎತ್ತಿಕೊಂಡು ಹಾರುವ ಚೆಂದ ಹೇಳತೀರದು. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂತೆ ನಡುಗಡ್ಡೆಗಳು ಮೇಲೆ ಬರುತ್ತವೆ, ಅಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಗೂಡು ಅಂತ ಕಟ್ಟುವುದಿಲ್ಲ, ಒಂದು ಸಣ್ಣ ಗುಳಿ ಅಷ್ಟೆ. ಮಾರ್ಚ್ ಕೊನೆಯಿಂದ ಮೇವರೆಗೆ ಒಳ್ಳೆ ಕಾಲ. ನೀರಿನ ಮಟ್ಟ ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಬೆಳಗಿನ ದೋಣಿಯಲ್ಲಿ ಹೋಗಿ, ಬಲಗಡೆ ಎಡಗಡೆ ಎರಡೂ ಕಡೆ ಹಕ್ಕಿ ಸಿಗುತ್ತದೆ. ದೋಣಿಯವರಿಗೆ ನಡುಗಡ್ಡೆಗೆ ತೀರಾ ಹತ್ತಿರ ಹೋಗಬೇಡಿ ಅಂತ ಮೊದಲೇ ಹೇಳಿ. ತಾಯಿ ಎದ್ದು ಹಾರಿದರೆ ಆ ಬಿಸಿಲಿಗೆ ಮೊಟ್ಟೆ ಬೆಂದುಹೋಗುತ್ತದೆ, ಮರಿಯನ್ನು ಕಾಗೆ, ಗಿಡುಗ ಎತ್ತಿಕೊಂಡು ಹೋಗುತ್ತವೆ. ಇಡೀ ಜಗತ್ತಿನಲ್ಲಿ ಕಮ್ಮಿಯಾಗುತ್ತಿರುವ ಹಕ್ಕಿ ಇದು. ಲೆನ್ಸ್ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಬೈನಾಕ್ಯುಲರ್ ಇದ್ದರೆ ಮಗಳು ದೋಣಿಯಿಂದಲೇ ಮರಿಗೆ ಮೀನು ಕೊಡುವುದನ್ನು ನೋಡುತ್ತಾಳೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಹೇಳಿ, ನನ್ನ 8x42 ಕೊಡುತ್ತೇನೆ. ಏಪ್ರಿಲ್ ಮೊದಲ ವಾರ ನಾವೂ ಆ ಕಡೆ ಬರುತ್ತಿದ್ದೇವೆ. ರಜೆ ಶುರುವಾದರೆ ಸೀಟು ಸಿಗುವುದು ಕಷ್ಟ, ದೋಣಿಗೆ ಈಗಲೇ ಬುಕ್ ಮಾಡಿಬಿಡಿ.